ಅಧಿಕೃತ ಗೀತೆಯಲ್ಲಿ ಉಳಿದದ್ದು

ಹೆಂಡತಿ: “‘ಗೆಲುವು’ ಅನ್ನೋ ಪದ ತೆಗೀರಿ ಅಂದ್ರೆ ತೆಗೆದುಬಿಡಿ. ಅದಕ್ಕೆ ಬೆಳಗ್ಗೆ ಬೆಳಗ್ಗೆ ಲೋಟ ಯಾಕೆ ಕುಕ್ತೀರಿ?”

ಕವಿ: “ಫುಟ್‌ಬಾಲ್ ಹಾಡಲ್ಲಿ ಗೆಲುವು ಬೇಡವಂತೆ ಕಣೇ! ಸೋತ ತಂಡಗಳಿಗೆ ಬೇಜಾರಾಗುತ್ತಂತೆ!”

ಹೆಂಡತಿ: “ಆಗಲ್ವಾ ಮತ್ತೆ? ಗೆಲ್ಲೋರು ಒಬ್ಬರು. ಉಳಿದವರೆಲ್ಲ ಮುಖ ಸಪ್ಪಗೆ ಮಾಡ್ಕೊಂಡು ಮನೆಗೆ ಹೋಗೋರೇ. ಹಾಡು ಕೇಳೋ ಜನ ಅವರೇ ಜಾಸ್ತಿ.”

ಅಂತರರಾಷ್ಟ್ರೀಯ ಪಂದ್ಯಾವಳಿಗೆ ಅಧಿಕೃತ ಗೀತೆ ಬರೆಯುವ ಕೆಲಸ ಸಿಕ್ಕಾಗಿನಿಂದ ಕವಿಯ ತಲೆಯಲ್ಲಿದ್ದದ್ದು ಚೆಂಡಲ್ಲ, ಮಾವ. ಮದುವೆಯಾದಾಗಿನಿಂದ ಆತ ಬಂದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: “ಹಾಡು ಬರೆಯೋದು ಸರಿ ಅಳಿಯಂದ್ರೇ, ಕೆಲಸ ಏನು ಮಾಡ್ಕೊಂಡಿದ್ದೀರಿ?” ಉದ್ಘಾಟನೆಯ ದಿನ ಟಿವಿ ಮುಂದೆ ಕೂತಿರಬೇಕು, ಪರದೆಯ ಮೇಲೆ ಹೆಸರು ಬರುತ್ತದೆ ಎಂದು ಕವಿ ಮಾವನಿಗೆ ಆಗಲೇ ಹೇಳಿಯಾಗಿತ್ತು.

ಫೋನು ಬಡಿದುಕೊಂಡಿತು. ಪಂದ್ಯಾವಳಿ ಸಮಿತಿಯ ಅಧಿಕಾರಿ. ಹೆಂಡತಿಯೂ ಕೇಳಲಿ ಎಂದು ಕವಿ ಸ್ಪೀಕರ್ ಹಾಕಿದ.

ಅಧಿಕಾರಿ: “ಹಾಡು ಅದ್ಭುತ ಸರ್, ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಸಣ್ಣ ಬದಲಾವಣೆ. ‘ಬೆಂಕಿಯ ಹೆಜ್ಜೆ’ ಬೇಡ. ಕ್ರೀಡಾಂಗಣದ ವಿಮೆಯವರು ಒಪ್ತಾ ಇಲ್ಲ.”

ಕವಿ: “‘ಮಿಂಚಿನ ಹೆಜ್ಜೆ’ ಮಾಡೋಣ.”

ಅಧಿಕಾರಿ: “ಮಿಂಚು ಅಂದ್ರೆ ಜನಕ್ಕೆ ಮಳೆ ನೆನಪಾಗುತ್ತೆ. ಟಿಕೆಟ್ ಮಾರೋರು ಗೋಳಾಡ್ತಾರೆ. ಆಮೇಲೆ ‘ನಮ್ಮ ನೆಲ’ ಅಂತಿದೆ. ಎರಡು ದೇಶಗಳ ಮಧ್ಯೆ ನೆಲದ್ದೇ ತಕರಾರು, ಇಬ್ಬರೂ ಒಂದೇ ಗುಂಪಲ್ಲಿದ್ದಾರೆ.”

ಹೆಂಡತಿ (ಒಲೆಯ ಕಡೆಯಿಂದ): “ಬರೀ ‘ನೆಲ’ ಅಂದ್ರೆ?”

ಅಧಿಕಾರಿ: “ನೆಲದಲ್ಲಿ ಹುಲ್ಲು ಇನ್ನೂ ಸರಿಯಾಗಿ ಹತ್ತಿಲ್ಲ ಮೇಡಂ. ಆ ಸುದ್ದಿ ಎತ್ತೋದೇ ಬೇಡ.”

ಕವಿ: “ಚೆಂಡಾದ್ರೂ ಇರ್ಲಿ ಮಾರಾಯ್ರೇ!”

ಅಧಿಕಾರಿ: “ಚೆಂಡಿಗೆ ಪ್ರಾಯೋಜಕರು ಬೇರೆ ಸರ್. ಹಾಡಿನವರದ್ದು ತಂಪು ಪಾನೀಯ. ಇವರ ದುಡ್ಡಲ್ಲಿ ಅವರ ಚೆಂಡು ಕುಣಿಸೋ ಹಾಗಿಲ್ಲ.”

ಕವಿ: “ಹಾಗಾದ್ರೆ ಉಳಿದದ್ದೇನು?”

ಅಧಿಕಾರಿ: “ಚರಣಗಳ ಮಧ್ಯೆ ಬರುತ್ತಲ್ಲ, ‘ಹುಯ್ಯಾ ಲೋ ಲೋ’. ಅದಿಷ್ಟೇ ಸಾಕು. ಸಮಿತಿ ಸಭೆಯಲ್ಲಿ ಕೇಳಿಸಿದಾಗ ಅಷ್ಟೂ ದೇಶದವರು ಎದ್ದು ನಿಂತು ಹಾಡಿದ್ರು. ಯಾರಿಗೂ ಅರ್ಥ ಆಗ್ಲಿಲ್ಲ, ಯಾರಿಗೂ ಬೇಜಾರೂ ಆಗ್ಲಿಲ್ಲ.”

ಕವಿಗೆ ಛಂದಸ್ಸು ಬರುತ್ತಿತ್ತು, ಕಂಠವಿರಲಿಲ್ಲ. ಹೀಗಾಗಿ ಮಾದರಿಗೆಂದು ಹಾಡನ್ನು ಹೆಂಡತಿಯಿಂದ ಹಾಡಿಸಿ ಫೋನಿನಲ್ಲಿ ಮುದ್ರಿಸಿ ಕಳಿಸಿದ್ದ. ವಾದ್ಯಗಳಿಗೆಂದು ಬಿಟ್ಟ ಜಾಗದಲ್ಲಿ ಆಕೆ, ಮಗಳಿಗೆ ಕಹಿ ಔಷಧಿ ಕುಡಿಸುವಾಗ ಹಾಡುವುದನ್ನೇ ಗುನುಗಿದ್ದಳು.

ಕವಿ (ಕೆರಳಿ): “ಏನ್ರೀ, ನಾನು ಮರ್ಯಾದಸ್ಥ ಕವಿ! ಅಂಥದ್ದನ್ನ ನಾನು ಬರೆಯೋನಲ್ಲ. ಅದು ನಮ್ಮನೆಯವಳ ಗುನುಗು.”

ಅಧಿಕಾರಿ: “ಹೌದಾ? ಪರದೆ ಮೇಲೆ ಯಾರ ಹೆಸರು ಹಾಕೋದು ಅಂತ ಕೇಳೋಕೇ ಫೋನ್ ಮಾಡಿದ್ದು. ಮೇಡಂ, ನಿಮ್ಮ ಹೆಸರು ಹೇಳಿ.”

ಕವಿ: “ತಡೀರಿ, ತಡೀರಿ! ಅದು ಇರ್ಲಿ ಅಂತ ಹೇಳಿದ್ದು ನಾನೇ!”

ಹೆಂಡತಿ: “ಹೌದು. ‘ಇರ್ಲಿ ಬಿಡೇ, ಅದನ್ನ ಯಾರು ಕೇಳ್ತಾರೆ’ ಅಂದ್ರಿ.”

ಆಕೆ ಕೈ ಒರೆಸಿಕೊಂಡು ಬಂದು ಹೆಸರು ಹೇಳಿದಳು. ತಪ್ಪಾಗದಿರಲೆಂದು ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಅಪ್ಪನಿಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?”

ಕವಿ: “ಟಿವಿ ಮುಂದೆ ಕೂರೋಕೆ ಹೇಳಾಗಿದೆಯಲ್ಲ. ನೋಡ್ಕೋತಾರೆ ಬಿಡು.”

ಮರುದಿನ ಬೆಳಗ್ಗೆ ಸಮಿತಿಯ ಕಾರು ಬಂದು ಹೆಂಡತಿಯನ್ನು ಧ್ವನಿಮುದ್ರಣಕ್ಕೆ ಕರೆದೊಯ್ದಿತು. ಮಗಳಿಗೆ ಔಷಧಿ ಕುಡಿಸುವ ಕೆಲಸ ಕವಿಯ ಪಾಲಿಗೆ ಬಂತು. ಹಾಡದೆ ಬಾಯಿ ತೆರೆಯುವುದಿಲ್ಲ ಎಂದಳು ಮಗಳು. ಕವಿ ಚಮಚ ಹಿಡಿದುಕೊಂಡು ಅಧಿಕೃತ ಗೀತೆಯನ್ನು ಪೂರ್ತಿ ಹಾಡಿದ.