ಎರಡು ಬಜೆಟ್‌ಗಳ ನಡುವೆ ಸಿಕ್ಕಿಬಿದ್ದ ಹಲ್ಲು

ಬಜೆಟ್ ಸುದ್ದಿ ಬರೆಯುವವನಿಗೆ ಬಜೆಟ್ ಅರ್ಥವಾಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಈ ಕೆಲಸದಲ್ಲಿ ಉಳಿಯುತ್ತಿರಲಿಲ್ಲ. ಮುಖ್ಯಮಂತ್ರಿಗಳು ಬಜೆಟ್ ಓದಲು ಎದ್ದು ನಿಂತ ಕೂಡಲೇ ನಾನು ಟಿ.ವಿ. ಮುಂದೆ ಕೂತು ‘ಯಾದಗಿರಿ’ ಎಂಬ ಹೆಸರು ಎಷ್ಟು ಸಲ ಬಂತು ಎಂದು ಎಣಿಸುತ್ತೇನೆ. ಎರಡು ಸಲ ಬಂದರೆ ‘ಜಿಲ್ಲೆಗೆ ಬಂಪರ್’, ಒಂದು ಸಲ ಬಂದರೆ ‘ಸಿಹಿ–ಕಹಿ’, ಬಾರದೇ ಹೋದರೆ ‘ಮತ್ತೆ ನಿರಾಸೆ’. ಆಮೇಲೆ ಪ್ರತಿಕ್ರಿಯೆಗಳು. ಆಡಳಿತ ಪಕ್ಷದವರ ಪ್ರಕಾರ ಅದು ಐತಿಹಾಸಿಕ, ವಿರೋಧ ಪಕ್ಷದವರ ಪ್ರಕಾರ ಕಣ್ಣೊರೆಸುವ ತಂತ್ರ. ಸರ್ಕಾರ ಬದಲಾದ ವರ್ಷ ನಾನು ಮಾಡಬೇಕಾದ ಹೆಚ್ಚಿನ ಕೆಲಸವೆಂದರೆ, ಹಿಂದಿನ ವರ್ಷದ ವರದಿ ತೆಗೆದು ಈ ಎರಡು ಹೇಳಿಕೆಗಳ ಕೆಳಗಿನ ಹೆಸರುಗಳನ್ನು ಅದಲುಬದಲು ಮಾಡುವುದು. ಇನ್ನು ಆರೋಗ್ಯ ಇಲಾಖೆಗೆ ಸಂಬಂಧಿಸಿದ ಭಾಗ ಬಂದಾಗ ನಾನು ಸಾಮಾನ್ಯವಾಗಿ ಚಹಾ ಕುಡಿಯಲು ಏಳುತ್ತಿದ್ದೆ. ‘ಹಾಲಿ ಇರುವ ಕಾರ್ಯಕ್ರಮಗಳನ್ನು ವಿಲೀನಗೊಳಿಸಿ ಹೊಸ ಹೆಸರಿನಲ್ಲಿ ಜಾರಿಗೊಳಿಸಲಾಗುವುದು’ ಎಂಬ ಒಂದು ಸಾಲು ವಿಧಾನಸೌಧದಿಂದ ಹೊರಟು ನೇರವಾಗಿ ನನ್ನ ಬಾಯಿಯೊಳಗೆ, ಬಲಗಡೆಯ ಕೆಳದವಡೆಗೆ ಬಂದು ಕೂರಬಹುದು ಎಂಬ ಕಲ್ಪನೆ ನನಗಿರಲಿಲ್ಲ.

ಆ ಮಾರ್ಚ್‌ನಲ್ಲಿ ನನಗೆ ಹಲ್ಲುನೋವು ಶುರುವಾಯಿತು. ಲವಂಗ, ಉಪ್ಪುನೀರು, ಪಕ್ಕದ ಮನೆಯವರ ಸಲಹೆ ಎಲ್ಲ ಮುಗಿದ ಮೇಲೆ, ಖಾಸಗಿ ಕ್ಲಿನಿಕ್‌ಗೆ ಹೋಗಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಪೇಪರ್‌ದಾಗ ಊರ ಮಂದಿಗೆಲ್ಲಾ ಸರಕಾರಿ ದವಾಖಾನಿಗೆ ಹೋಗ್ರಿ ಅಂತ ಬರೀತೀರಿ. ನಿಮ್ಮ ಹಲ್ಲಿಗಿ ಮಾತ್ರ ಪ್ರೈವೇಟ್ ಬೇಕಾತೇನು? ನಡೀರಿ ಆ ಕಡಿ.”

ಹೌದು, ಸರ್ಕಾರಿ ಆಸ್ಪತ್ರೆಗಳನ್ನು ಬಳಸಿಕೊಳ್ಳುವಂತೆ ಜನರಿಗೆ ಬುದ್ಧಿ ಹೇಳುವ ಲೇಖನಮಾಲೆಯೊಂದನ್ನು ನಾನು ಬರೆದಿದ್ದೆ. ಅದನ್ನು ಪೂರ್ತಿ ಓದಿದ ಓದುಗರು ನಮ್ಮ ಮನೆಯಲ್ಲೇ ಇದ್ದಾರೆ ಎಂದು ಗೊತ್ತಿರಲಿಲ್ಲ. ಹೀಗೆ ನಾನು ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೋದೆ. ಯಾವ ತಾಲ್ಲೂಕು ಎಂದು ಕೇಳಬೇಡಿ. ಶಹಾಪುರ, ಸುರಪುರ ಎರಡೂ ಕಡೆ ನನಗೆ ನೆಂಟರಿದ್ದಾರೆ, ಯಾದಗಿರಿಯಲ್ಲಿ ಕಚೇರಿಯಿದೆ. ಮೂರೂ ಕಡೆ ಓಡಾಡಿಕೊಂಡಿರಬೇಕಾದವನು ನಾನು.

ಮಾರ್ಚ್ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಯನ್ನು ನೋಡಬೇಕು. ಮೂವತ್ತೊಂದರೊಳಗೆ ಖರ್ಚಾಗದ ಅನುದಾನ ವಾಪಸು ಹೋಗುತ್ತದೆಂಬ ಭಯದಲ್ಲಿ ವರ್ಷವಿಡೀ ಬಾರದ ಸಾಮಾನುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಹಲ್ಲಿನ ವಿಭಾಗದಲ್ಲಿ ಹೊಸ ದೀಪ, ಹೊಸ ಕೈಗವಸು, ಸೂರಿನವರೆಗೆ ಜೋಡಿಸಿದ ಹತ್ತಿಯ ಉರುಳೆಗಳು. “ಮಾರ್ಚ್‌ದಾಗ ನೋವು ಬಂದದ ಅಂದ್ರ ನೀವು ನಸೀಬ್‌ದವ್ರು ನೋಡ್ರಿ ಸರ,” ಎಂದರು ಅಲ್ಲಿನ ಗುಮಾಸ್ತ ಮಹಿಬೂಬಸಾಬ್. “ಜುಲೈದಾಗ ಬಂದ್ರ ಹತ್ತಿ ಸೈತ ಮನೀದಾ ತರ್ರಿ ಅಂತೀವಿ.” ಸುತ್ತ ನಾಲ್ಕೂ ದಿಕ್ಕಿಗೆ ಹತ್ತಿಯನ್ನೇ ಬೆಳೆಯುವ ಸೀಮೆ ನಮ್ಮದು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ದಂತವೈದ್ಯೆ ರೇಣುಕಾ ಗುತ್ತಿಗೆಯ ಮೇಲೆ ಕೆಲಸ ಮಾಡುವವರು, ದಿನಾ ಬಸ್ಸಿನಲ್ಲಿ ಬಂದುಹೋಗುವವರು, ಕೈ ಬಹಳ ಹಗುರ. ಹಲ್ಲನ್ನು ಕೀಳಬೇಕಿಲ್ಲ, ಬೇರು ಸ್ವಚ್ಛಗೊಳಿಸಿ ಉಳಿಸಬಹುದು ಎಂದರು. ಅಂದೇ ಹಲ್ಲು ಕೊರೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕವಾಗಿ ಸಿಮೆಂಟ್ ಮೆತ್ತಿದರು. “ಇದು ಅರ್ಧಾ ಕೆಲ್ಸ್ರಿ ಸರ. ಎಂಟು ದಿನಕ್ಕ ಬರ್ರಿ, ಪೂರಾ ಮುಚ್ಚಿಬಿಡ್ತೀನಿ. ಅಲ್ಲಿತನಕ ಆ ಕಡಿ ಖಡಕ್ ರೊಟ್ಟಿ ಕಡೀಬ್ಯಾಡ್ರಿ. ತಡಾ ಮಾಡಿದ್ರ ಮಾತ್ರ ಹಲ್ಲು ಉಳ್ಯಾಂಗಿಲ್ಲ ನೋಡ್ರಿ.”

ಎಂಟನೆಯ ದಿನ ಹೋದೆ. ಏಪ್ರಿಲ್ ಬಂದಿತ್ತು. ಹಲ್ಲಿನ ವಿಭಾಗದ ಬಾಗಿಲು ತೆರೆದೇ ಇತ್ತು, ಕುರ್ಚಿ ಖಾಲಿ ಇತ್ತು. ಹೊರಗಿನ ಬೆಂಚಿನ ಮೇಲೆ ವಡಗೇರಾದ ಒಬ್ಬ ಅಜ್ಜಿ, ಆಕೆಯ ಪಕ್ಕದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರ್ ರೇಣುಕಾ.

“ಯಾಕ್ರಿ ಮೇಡಂ, ಹೊರಗ ಕುಂತೀರಲ್ಲ?”

“ಒಳಗ ಕುಂದರಾಕ ಇವತ್ತ ನಾ ಡಾಕ್ಟರ್ ಅಲ್ರಿ ಸರ.”

“ಮತ್ತ?”

“ಏನೂ ಅಲ್ರಿ. ನಿಮ್ಮಂಗ ಸಾರ್ವಜನಿಕರು.”

ವಿಷಯ ಹೀಗಿತ್ತು. ಗುತ್ತಿಗೆ ನೌಕರರ ಅವಧಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಮುಂದೆ ಯಾರೂ ‘ನಮ್ಮನ್ನು ಕಾಯಂ ಮಾಡಿ’ ಎಂದು ಕೇಳಬಾರದಲ್ಲ, ಅದಕ್ಕಾಗಿ ಪ್ರತಿ ವರ್ಷ ಒಂದು ದಿನ ಅವರನ್ನು ಕೆಲಸದಿಂದ ಬಿಡಿಸಿ ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ಆ ಒಂದು ದಿನ ತಾಲ್ಲೂಕಿನ ಹಲ್ಲುಗಳು ಸುಮ್ಮನಿರಬೇಕು. ಆದರೆ ಈ ಸಲ ಹೊಸ ಸರ್ಕಾರದ ಮೊದಲ ಪೂರ್ಣ ಬಜೆಟ್. ಈ ವಿಭಾಗಕ್ಕೆ ಹಣ ಕೊಡುತ್ತಿದ್ದ ಹಿಂದಿನ ಸರ್ಕಾರದ ದಂತ ಯೋಜನೆಯಲ್ಲಿ ಹಲ್ಲುಗಳು ಬಹಳವಿದ್ದರೂ ಹೆಸರು ಸರಿಯಿರಲಿಲ್ಲ. ಅದನ್ನು ಹೊಸ ಯೋಜನೆಯೊಂದಿಗೆ ವಿಲೀನ ಮಾಡಿದ್ದರು. ಹಳೆಯ ಹೆಸರಿನ ಆದೇಶ ಮುಗಿದಿತ್ತು, ಹೊಸ ಹೆಸರಿನ ಆದೇಶ ಬಂದಿರಲಿಲ್ಲ. ಮಹಿಬೂಬಸಾಬ್ ಇದನ್ನೇ ಚಿಕ್ಕದಾಗಿ ಹೇಳಿದರು: “ಹಳೇದು ತೀರ್ಕೊಂಡದ್ರಿ, ಹೊಸದಕ್ಕ ಇನ್ನಾ ಹೆಸರಿಟ್ಟಿಲ್ಲ. ನಡುವ ತೊಟ್ಟಲಾ ಖಾಲಿ ಅದ.” ಬಾಗಿಲ ಮೇಲಿನ ಫಲಕಕ್ಕೂ ಬಿಳಿ ಬಣ್ಣ ಬಳಿದಿದ್ದರು. ಹೀಗೆ ನನ್ನ ಹಲ್ಲು ಒಂದು ಸರ್ಕಾರ ಅಗೆದು, ಇನ್ನೊಂದು ಸರ್ಕಾರ ಮುಚ್ಚಬೇಕಾದ ಮುಂದುವರಿದ ಕಾಮಗಾರಿಯಾಗಿತ್ತು.

“ಅದೇ ಕುರ್ಚಿ, ಅದೇ ಬಾಯಿ, ನೀವೂ ಇಲ್ಲೇ ಇದ್ದೀರಿ. ಹತ್ತು ನಿಮಿಷದ ಕೆಲಸ ಅಲ್ಲೇನ್ರಿ ಮೇಡಂ?” ಎಂದೆ.

“ಮೊದಲ ಮಾಡ್ತಿದ್ವಿರಿ. ಆರ್ಡರ್ ನಾಳಿ ಬರ್ಲಿ, ಮಂದಿ ಇವತ್ತ ಬಂದಾರ ಅಂತ ನೋಡೇ ಬಿಡ್ತಿದ್ವಿ. ಎರಡು ವರ್ಷದ ಹಿಂದ ಯಾರೋ ಪೇಪರ್‌ದಾಗ ಹಾಕಿಬಿಟ್ರು.”

ಮಹಿಬೂಬಸಾಬ್ ಒಳಗೆ ಹೋಗಿ ಕಡತವೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಅದರಲ್ಲಿ ಅಂಟಿಸಿದ್ದ ಪತ್ರಿಕೆಯ ತುಣುಕು: ‘ಆದೇಶವಿಲ್ಲದೆ ಚಿಕಿತ್ಸೆ: ರೋಗಿಗಳ ಜೀವದೊಂದಿಗೆ ಚೆಲ್ಲಾಟ?’ ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡಿದ ಕೂಡಲೇ ಗುರುತು ಹತ್ತಿತು. ಆ ಚಿಹ್ನೆ ಹಾಕಿದರೆ ಮೊಕದ್ದಮೆ ಬೀಳುವುದಿಲ್ಲ ಎಂದು ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಒಂದು ನಂಬಿಕೆಯಿದೆ. ಅದರ ಕೆಳಗೆ, ‘ಆದೇಶವಿಲ್ಲದೆ ಯಾರೂ ರೋಗಿಯನ್ನು ಮುಟ್ಟತಕ್ಕದ್ದಲ್ಲ’ ಎಂಬ ಸುತ್ತೋಲೆ. ಅದರ ಕೆಳಗೆ ಇನ್ನೊಂದು ತುಣುಕು: ‘ಪತ್ರಿಕೆ ವರದಿ ಫಲಶ್ರುತಿ: ಎಚ್ಚೆತ್ತ ಅಧಿಕಾರಿಗಳು’. ಅದನ್ನು ಬರೆದವನೂ ನಾನೇ. ಎಚ್ಚೆತ್ತ ಅಧಿಕಾರಿಗಳು ಮತ್ತೆ ಮಲಗಿರಲಿಲ್ಲ.

ವಡಗೇರಾದ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದಳು. “ಯವ್ವಾ, ಇಂವ ಯಾರ?” ಎಂದು ಡಾಕ್ಟರರನ್ನು ಕೇಳಿದಳು.

“ಪೇಪರ್‌ದವ್ರು ಅಜ್ಜಿ.”

“ಮತ್ತ ಕೈಲೆ ಬರೀಬೇಕಪ್ಪ. ಬಾಯಿ ಯಾಕ ಹಿಡ್ಕೊಂಡಾನ?”

ಬರೆಯುವ ಮೊದಲು ವಿಚಾರಿಸಬೇಕು, ಅದು ನಮ್ಮ ಶಿಸ್ತು. ಜಿಲ್ಲಾ ಕಚೇರಿಗೆ ಫೋನ್ ಮಾಡಿದೆ. ‘ಪ್ರಸ್ತಾವನೆ ಸಲ್ಲಿಸಲಾಗಿದೆ’ ಎಂದರು. ಬೆಂಗಳೂರಿನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದರು. ಬೇರೆ ದಿನಗಳಲ್ಲಾಗಿದ್ದರೆ ಈ ಎರಡು ಉತ್ತರ ಸಿಕ್ಕ ಖುಷಿಗೆ ವರದಿ ಮುಗಿಸಿ ಮನೆಗೆ ಹೋಗುತ್ತಿದ್ದೆ. ಅಂದು ಮೊದಲ ಬಾರಿಗೆ, ಆ ಉತ್ತರಗಳನ್ನು ಇಟ್ಟುಕೊಂಡು ಮಾಡುವುದೇನು ಎಂಬ ಪ್ರಶ್ನೆ ಎದ್ದಿತು.

ಅದಾದ ಮೂರನೆಯ ದಿನ ಊಟದ ಹೊತ್ತಿಗೆ ತಾತ್ಕಾಲಿಕ ಸಿಮೆಂಟು ಖಡಕ್ ರೊಟ್ಟಿಯ ಚೂರಿನ ಜೊತೆ ಕಿತ್ತು ಬಂತು. ಪುಂಡಿಪಲ್ಯದ ಖಾರ ಆ ತೂತಿನಲ್ಲಿ ಇಳಿದಾಗ ನಾನು ಹಾಕಿದ ಕೂಗಿಗೆ ಶರಣಮ್ಮನ ಮನಸ್ಸು ಕರಗಿತು. “ಸಾಕು ಹಟ. ಪ್ರೈವೇಟಿಗೇ ಹೋಗ್ರಿ. ನಾ ಯಾರಿಗೂ ಹೇಳಂಗಿಲ್ಲ.”

ಆಗ ಹೋಗಿದ್ದರೆ ಹಲ್ಲು ಉಳಿಯುತ್ತಿತ್ತು. ನಿಜಕ್ಕೂ ಒಂದು ಕ್ಲಿನಿಕ್‌ನ ಮೆಟ್ಟಿಲವರೆಗೆ ಹೋದೆ. ಒಳಗೆ ಕೂತಿದ್ದ ಪರಿಚಯದವರೊಬ್ಬರು, “ಏನ್ ಸಾಹೇಬ್ರ, ಇಲ್ಲೂ ವರದಿ ಮಾಡಾಕ ಬಂದೀರೇನ್ರಿ?” ಎಂದು ನಕ್ಕರು. ಹೌದೆಂದು ತಲೆಯಾಡಿಸಿ, ಜೇಬಿನಿಂದ ನೋಟ್‌ಬುಕ್ ತೆಗೆದು, ಅಲ್ಲಿನ ಫಲಕದಲ್ಲಿದ್ದ ಸಮಯವನ್ನು ಬರೆದುಕೊಂಡು ಹಿಂತಿರುಗಿದೆ. ಆದೇಶ ಇನ್ನೆರಡು ದಿನದಲ್ಲಿ ಬರುತ್ತದೆಂದು ಹೆಂಡತಿಗೆ ಹೇಳಿದೆ. ಅಧಿಕಾರಿಗಳು ಹೇಳಿದ್ದನ್ನು ನಾನು ಜನರಿಗೆ ಹೇಳುವಷ್ಟೇ ಆತ್ಮವಿಶ್ವಾಸದಿಂದ.

ಆದೇಶ ಬಂತು, ಎರಡು ದಿನಕ್ಕಲ್ಲ, ಎರಡನೆಯ ವಾರಕ್ಕೆ. ಆದರೆ ಹೊಸ ಯೋಜನೆಗೆ ಚಾಲನೆ ನೀಡಬೇಕಿತ್ತು. ಚಾಲನೆಗೆ ಜನಪ್ರತಿನಿಧಿಗಳ ಸಮಯ ಸಿಗಬೇಕಿತ್ತು. ಇನ್ನೂ ನಾಲ್ಕು ದಿನ ಕಳೆದು ಅದೂ ಸಿಕ್ಕಿತು. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ, ಹಲ್ಲಿನ ವಿಭಾಗದ ಬಾಗಿಲಿಗೆ ಕೆಂಪು ರಿಬ್ಬನ್. ರಿಬ್ಬನ್ನಿನ ಆ ಕಡೆ ಡಾಕ್ಟರ್, ಈ ಕಡೆ ಬಾಯಿ ಹಿಡಿದುಕೊಂಡ ಜನ. ಅವರ ನಡುವೆ, ಒಂದು ಕೆನ್ನೆ ಊದಿಕೊಂಡ ನಾನು, ಕೈಯಲ್ಲಿ ನೋಟ್‌ಬುಕ್ ಹಿಡಿದು.

ರಿಬ್ಬನ್ ಕತ್ತರಿಸಿದ ನಾಯಕರು “ಮೊದಲನೇ ಪೇಷಂಟ್ ಯಾರ್ರಿ?” ಎಂದರು. ಮಹಿಬೂಬಸಾಬ್ ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದರು. “ಇವ್ರರಿ ಸಾಹೇಬ್ರ. ಇವ್ರದು ಅರ್ಧಾ ಮೊದಲೇ ಆಗ್ಯದ, ಬರೋಬ್ಬರಿ ಫೋಟೋದ ಟೈಮಿಗಿ ಮುಗೀತದ.” ಕುರ್ಚಿ ಹಿಂದಕ್ಕೆ ಬಾಗಿತು. ಹೊಸ ದೀಪ ಹೊತ್ತಿತು. ನಾಯಕರು ನನ್ನ ಬಾಯಿಯೊಳಗೆ ಇಣುಕಿ, “ಏನ್ರಿ ಪತ್ರಕರ್ತರ, ನಮ್ಮ ಯೋಜನಾ ಹ್ಯಾಂಗದ?” ಎಂದರು. ಬಾಯಿಯಲ್ಲಿ ಕನ್ನಡಿ, ಕಡ್ಡಿ ಎರಡೂ ಇದ್ದುದರಿಂದ ನಾನು “ಆ…” ಎಂದೆ. ಜೊತೆಗಿದ್ದವರು ಚಪ್ಪಾಳೆ ತಟ್ಟಿದರು.

ಎಲ್ಲರೂ ಉಪ್ಪಿಟ್ಟಿನ ಕಡೆ ಹೋದ ಮೇಲೆ ಡಾಕ್ಟರ್ ರೇಣುಕಾ ಎಕ್ಸ್‌ರೇ ತೆಗೆಸಿ, ದೀಪಕ್ಕೆ ಹಿಡಿದು ನೋಡಿದರು. “ತಡಾ ಆತ್ರಿ ಸರ. ತಗೀಬೇಕಾಗ್ತದ.” ತೆಗೆದರು. ಕೈ ಮೊದಲಿನಷ್ಟೇ ಹಗುರವಾಗಿತ್ತು. ಹಳೆಯ ಯೋಜನೆಯ ರಿಜಿಸ್ಟರ್ ಮುಚ್ಚಿದ್ದರಿಂದ ಅರ್ಧ ಹಲ್ಲನ್ನು ಹೊಸದರಲ್ಲಿ ತೋರಿಸುವಂತಿರಲಿಲ್ಲ. ಮಹಿಬೂಬಸಾಬ್ ಬಹಳ ಯೋಚಿಸಿ, ‘ಹೊಸ ಪ್ರಕರಣ. ಚಿಕಿತ್ಸೆ ಪೂರ್ಣ’ ಎಂದು ಬರೆದರು. ನನ್ನ ವೃತ್ತಿಯ ಅನುಭವದಿಂದ ಹೇಳುತ್ತೇನೆ, ಅದರಲ್ಲಿ ಒಂದೇ ಒಂದು ಸುಳ್ಳು ಪದವಿಲ್ಲ.

“ಸಂಜೀತನಕ ಮಾತಾಡಬ್ಯಾಡ್ರಿ,” ಎಂದು ಡಾಕ್ಟರ್ ಹತ್ತಿ ಕಚ್ಚಿಸಿ ಕಳಿಸಿದರು. ಬೆಂಚಿನ ಮೇಲೆ ಕೂತೆ. ಡೆಸ್ಕಿನಿಂದ ಆಗಲೇ ಎರಡು ಸಲ ಸಂದೇಶ ಬಂದಿತ್ತು: ಚಾಲನೆ ಸುದ್ದಿ ಎಲ್ಲಿ? ಮೊಬೈಲ್ ತೆಗೆದು ಬೆರಳುಗಳಿಗೆ ರೂಢಿಯಾದ ಸಾಲುಗಳನ್ನು ಒತ್ತುತ್ತ ಹೋದೆ.

ಮರುದಿನ ಬೆಳಿಗ್ಗೆ ನನ್ನ ಮುಂದೆ ಹಾಲಿನಲ್ಲಿ ನೆನೆಸಿದ ರೊಟ್ಟಿಯಿತ್ತು. ಶರಣಮ್ಮ ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು: “‘ಸ್ಥಳದಲ್ಲೇ ಚಿಕಿತ್ಸೆ ಪಡೆದ ಮೊದಲ ಫಲಾನುಭವಿಯು ಯೋಜನೆಯ ಬಗ್ಗೆ ಹರ್ಷ ವ್ಯಕ್ತಪಡಿಸಿದರು.’ ಹರ್ಷ! ಯಾರ್ರಿ ಇಂವ ಪುಣ್ಯಾತ್ಮ?”

ನಾನು ಕೆನ್ನೆ ತೋರಿಸಿ, ಮಾತಾಡಬಾರದೆಂದು ಡಾಕ್ಟರರ ಆದೇಶವಿದೆ ಎಂದು ಕೈಸನ್ನೆ ಮಾಡಿದೆ. ಆ ಆದೇಶದ ಅವಧಿ ಹಿಂದಿನ ಸಂಜೆಗೇ ಮುಗಿದಿತ್ತು. ಯಾರ ಸಹಿಗೂ ಕಾಯದೆ, ಅದನ್ನು ಇನ್ನೊಂದು ದಿನದ ಮಟ್ಟಿಗೆ ನಾನೇ ವಿಸ್ತರಿಸಿಕೊಂಡೆ.