ಅರ್ಧ ರಾಜ್ಯ ಕೇಳಲು ಹೋದವನ ಪಾಡು

ನಮ್ಮ ಮಲೆನಾಡಿನ ಕಡೆ ಒಬ್ಬನೇ ನಿಂತು ನಾಟಕದ ಮಾತು ಕಲಿಯುವುದು ಆಗುಹೋಗುವ ಕೆಲಸವಲ್ಲ. ತಾಳಮದ್ದಲೆಯಲ್ಲಿ ವೇಷವಿಲ್ಲದೆ ಕೂತು, ಪಾತ್ರವಾಗಿ ವಾದ ಮಾಡಿ ರೂಢಿಯಾದ ಜನ. ರಾಜನ ಸುದ್ದಿ ಕಿವಿಗೆ ಬಿದ್ದರೆ ಸಾಕು, ಎದುರಾಳಿಯಾಗಿ ಹಾಜರು.

ಆಗ ನಾನು ಕೊಪ್ಪದ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ಗಜಕೋಲು ಕಂಡರೆ ಮೈ ಉರಿಯುತ್ತಿತ್ತು. ನರಸಿಂಹರಾಜಪುರದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲೀಕರು, "ದೂತನ ಪಾತ್ರ ಕಲಿತು ಬಾ, ಚೆನ್ನಾಗಿದ್ದರೆ ಸೇರಿಸಿಕೊಳ್ಳುವ" ಎಂದಿದ್ದರು. ದೂತ ಅರ್ಧ ರಾಜ್ಯ ಬೇಡಬೇಕು, ರಾಜ ಕೊಡೆನೆನ್ನಬೇಕು, ದೂತ ತಲೆ ತಗ್ಗಿಸಿ ಹೊರಡಬೇಕು. ಅಷ್ಟೇ.

ನೀರಿನಲ್ಲಿ ರಾಜ

ಹರಿಹರಪುರದ ಹೊಳೆದಂಡೆಯಲ್ಲಿ ಯಾರೂ ಇಲ್ಲವೆಂದುಕೊಂಡು, "ಪ್ರಭೂ, ಅರ್ಧ ರಾಜ್ಯ ಕೊಟ್ಟುಬಿಡಿ!" ಎಂದು ಕೂಗಿದೆ.

"ಎಂತಕ್ಕೆ ಕೊಡ್ಬೇಕು?"

ಬಂಡೆಯ ಆಚೆ ಸ್ನಾನಕ್ಕಿಳಿದಿದ್ದ ಭಟ್ಟರು ಸೊಂಟಮಟ್ಟ ನೀರಿನಲ್ಲೇ ರಾಜರಾಗಿದ್ದರು. ಕಾರಣದ ಮೇಲೆ ಕಾರಣ ಕೊಟ್ಟರು. ನಾನು ಬೇಡಿದ್ದನ್ನೇ ಮತ್ತೆ ಮತ್ತೆ ಬೇಡಿದೆ, ಅವರ ಹಲ್ಲು ಕಟಕಟ ಎನ್ನತೊಡಗಿತು.

"ಶೀತ ಆಗ್ತದೆ ಭಟ್ರೇ, ಮೇಲೆ ಬನ್ನಿ."

"ಸೋತೆ ಅಂತ ಒಪ್ಪು ಮಾಣಿ, ಬತ್ತೆ!"

ಇದ್ದಿಲ ಬಸ್ಸು

ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಶೃಂಗೇರಿಯ ದಾರಿಯ ಏರಿನಲ್ಲಿ ನಮ್ಮ ಬಸ್ಸು ನಿಂತಿತು. ಎಲ್ಲರೂ ಇಳಿದರು. ನಾನು ಹಿಂದೆ ನಿಂತು ಮೆಲ್ಲಗೆ ಅರ್ಧ ರಾಜ್ಯ ಬೇಡುತ್ತಿದ್ದೆ. ಬಸ್ಸಿನ ಹಿಂಬದಿಯ ಒಲೆಯಲ್ಲಿ ಇದ್ದಿಲು ಕೆದಕುತ್ತಿದ್ದ ಡ್ರೈವರ್ ಸರಕ್ಕನೆ ತಿರುಗಿ, "ಇವತ್ತು ಅರ್ಧ ಕೊಟ್ರೆ ನಾಳೆ ಪೂರ್ತಿ ಕೇಳ್ತೀಯ!" ಎಂದ.

ಪ್ರಯಾಣಿಕರೆಲ್ಲ ಅವನ ಪಕ್ಷ. ಕೋಳಿಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಮಾತ್ರ, "ಪಾಪ, ಕೊಟ್ಟು ಕಳ್ಸಿ ಅತ್ಲಾಗೆ" ಎಂದಳು. ಕೊನೆಗೆ ಕಂಡಕ್ಟರ್ ಕೈಮುಗಿದ.

"ರಾಜ್ಯ ಆಮೇಲೆ ಹಂಚ್ಕೊಳ್ಳಿ ಮಾರಾಯ್ರೇ, ಮೊದ್ಲು ಬಸ್ ತಳ್ಳಿ!"

ಡೇರೆಯಲ್ಲಿ

ಪರೀಕ್ಷೆಯ ದಿನ ಮಾಲೀಕರೇ ರಾಜರಾಗಿ ಕುರ್ಚಿಯಲ್ಲಿ ಕೂತರು. ನಾನು ಬೇಡಿದೆ. "ಹಿಡಿ ಮಣ್ಣೂ ಕೊಡೆ, ತೊಲಗು!" ಎಂದು ಅವರು ಗುಡುಗಿದರು.

ತೊಲಗಬೇಕಿತ್ತು. ಆದರೆ ಕಂಡಕಂಡವರ ಹತ್ತಿರ ಸೋತು ಸಾಕಾಗಿತ್ತು. ಭಟ್ಟರಿಗೆ, ಡ್ರೈವರಿಗೆ ಹೇಳಲಾಗದ ಉತ್ತರವನ್ನೆಲ್ಲ ಮಾಲೀಕರಿಗೆ ಹೇಳಿದೆ. ಅವರೂ ಮಲೆನಾಡಿನವರೇ, ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕಡೆಗೆ ಬೆವರು ಒರೆಸಿಕೊಂಡು, "ಆಯ್ತು ಮಾರಾಯ, ಅರ್ಧ ರಾಜ್ಯ ತಗೊ!" ಎಂದರು. ನಟರೆಲ್ಲ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು.

ಗೆದ್ದೆನೆಂಬ ಖುಷಿಯಲ್ಲಿ ಕಾಲಿಗೆ ಬಿದ್ದು ಕೇಳಿದೆ, "ಹಾಗಾದ್ರೆ ನಂಗೆ ಕೆಲ್ಸ?"

"ಎಂಥ ಕೆಲ್ಸ? ಎರಡನೇ ಅಂಕಕ್ಕೇ ರಾಜಿ ಮಾಡ್ಸಿಬಿಟ್ಟೆ. ಇನ್ನು ಮೂರು ಅಂಕ ಯುದ್ಧ ಉಂಟು. ಕತ್ತಿ ಹಿಡಿದು ನಿಂತ ಇವ್ರನ್ನೆಲ್ಲ ಎಂತ ಮಾಡ್ಲಿ, ಊಟಕ್ಕೆ ಕೂರಿಸ್ಲಾ?"