ಮೂರನೇ ಬಟನ್ನಿನ ಅಜ್ಜಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಅಜ್ಜಿಯ ಧ್ವನಿಯನ್ನು ಅಳಿಸಿಹಾಕಿದ ಮಹಾನುಭಾವ ನಾನೇ. ಆದರೆ ಪೂರ್ತಿ ತಪ್ಪನ್ನು ನನ್ನ ತಲೆಗೆ ಕಟ್ಟುವ ಮೊದಲು ನೀವು ನನ್ನ ಸೋದರಮಾವನನ್ನು ಒಮ್ಮೆ ನೋಡಬೇಕು. ಇಡೀ ಬನಶಂಕರಿಯಲ್ಲಿ ಅಷ್ಟು ಶಿಸ್ತಿನ ಹುಚ್ಚ ಇನ್ನೊಬ್ಬನಿಲ್ಲ!

ವಾರಕ್ಕೆ ಆರು ದಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ, ಭಾನುವಾರ ಜಾಝ್. ಅದೂ ಎಂಥ ಜಾಝ್ ಅಂತೀರಿ? ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನ ಹಾಡುತ್ತಿದ್ದ ದೇವರ ಹಾಡುಗಳು, ಅಂದರೆ ಸ್ಪಿರಿಚುಯಲ್ಸ್, ಅವನ ಸ್ಯಾಕ್ಸಫೋನಿನಲ್ಲಿ. ಆಫ್ರಿಕಾದ ಜೆಂಬೆ ಎಂಬ ಡೋಲು ಬಿಳೇಕಹಳ್ಳಿಯ ಒಬ್ಬ ಹಲ್ಲಿನ ಡಾಕ್ಟರ ತೊಡೆಗಳ ನಡುವೆ. ಅವರು ಬಾರಿಸುವುದನ್ನು ಕೇಳಿದವರು ಅವರ ಕ್ಲಿನಿಕ್ಕಿಗೆ ಹೋಗಲು ಹೆದರುತ್ತಾರೆ. ಇವೆರಡರ ಮಧ್ಯೆ ಸ್ಯಾಂಪ್ಲರ್ ಎಂಬ ಹದಿನಾರು ಬಟನ್ನುಗಳ ಪೆಟ್ಟಿಗೆ. ಲೋಕದ ಯಾವ ಸದ್ದನ್ನಾದರೂ ಹಿಡಿದು ಒಂದು ಬಟನ್ನಿಗೆ ತುಂಬಿದರೆ, ಒತ್ತಿದಾಗಲೆಲ್ಲ ಅದು ಕೂಗುತ್ತದೆ.

ಸದ್ದು ಹಿಡಿಯಲು ಮಾವ ಮೈಕ್ ಹಿಡಿದು ಹೊರಟನೆಂದರೆ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಎದುರು ಮನೆಯ ಬೆಲ್ ಒತ್ತಿದ.

"ಮೇಡಂ, ನಿಮ್ಮ ಕುಕ್ಕರ್ ಬಿ ಫ್ಲ್ಯಾಟ್ ಸ್ವರದಲ್ಲಿ ಕೂಗ್ತಿದೆ. ಒಳಗೇನಿದೆ?"

"ಬೇಳೆ, ಸಾರ್."

"ನಾಳೆ ಕಡ್ಲೆಕಾಳು ಹಾಕಿ ನೋಡೋಣ. ಅರ್ಧ ಸ್ವರ ಇಳೀಬೇಕು ಅದು."

"ನಮ್ಮನೆಯವ್ರಿಗೆ ಕಡ್ಲೆಕಾಳು ಗ್ಯಾಸ್ಟ್ರಿಕ್ ಸಾರ್. ಕುಕ್ಕರ್ ಸ್ವರ ಇಳೀಬೋದು, ಅವ್ರದ್ದು ಏರತ್ತೆ."

ಇನ್ನೊಮ್ಮೆ ಜರಗನಹಳ್ಳಿಯಲ್ಲಿ ಬಸ್ ಹತ್ತಿದವನೇ ಕಂಡಕ್ಟರ್ ಬಾಯಿಗೆ ಮೈಕ್ ಒಡ್ಡಿದ. "ಅಣ್ಣ, ಆ 'ಮುಂದೆ ಹೋಗಿ'ಯನ್ನ ಇನ್ನೊಂದ್ಸಲ ಹೇಳಿ, ಕೊನೇಲಿ ಸ್ವಲ್ಪ ಎಳೀರಿ." ಪುಣ್ಯಾತ್ಮ ಮೂರು ಸಲ ಹೇಳಿದರು. ಪ್ರತಿ ಸಲವೂ ಜನ ನಿಜವಾಗಿಯೇ ಮುಂದೆ ಹೋದರು. ಮೂರನೇ ಸಲಕ್ಕೆ ಹಿಂದಿನ ಅರ್ಧ ಬಸ್ಸು ಖಾಲಿ, ಮುಂದೆ ಡ್ರೈವರ್ ತೊಡೆಯ ಮೇಲೆ ಯಾರದೋ ಟಿಫಿನ್ ಬ್ಯಾಗು. "ಸಾರ್, ನೀವೇ ಇಳ್ಕೊಂಡು ಮುಂದೆ ಹೋಗಿ," ಎಂದರು ಕಂಡಕ್ಟರ್, ಸಖತ್ತಾಗಿ ಎಳೆದು. ಮಾವ ಅದನ್ನೂ ಹಿಡಿದುಕೊಂಡ.

ಇಷ್ಟೆಲ್ಲ ಸದ್ದುಗಳಿದ್ದರೂ ಅವನ ಜೀವ ಇದ್ದದ್ದು ಮೂರನೇ ಬಟನ್ನಿನಲ್ಲಿ. ಅದರಲ್ಲಿ ಅವನಮ್ಮ, ಅಂದರೆ ನನ್ನ ಅಜ್ಜಿ, ಅಕ್ಕಿ ಆರಿಸುತ್ತ ಕೃಷ್ಣನನ್ನು ಏಳಿಸುವ ಹಾಡು ಹೇಳಿಕೊಂಡದ್ದಿತ್ತು. ಹಿಡಿದಿಟ್ಟ ಎರಡೇ ತಿಂಗಳಿಗೆ ಅಜ್ಜಿಯ ಗಂಟಲಿನ ಆಪರೇಷನ್ ಆಗಿ ಧ್ವನಿ ಒಡೆದುಹೋಯಿತು. ಈಗ ಮಾತಾಡಿದರೆ ಒಣ ತೆಂಗಿನಗರಿ ಎಳೆದಂತೆ ಕೇಳುತ್ತದೆ.

"ಕೈಗೆ ಕೆಲಸ, ಬಾಯಿಗೆ ದೇವ್ರು. ಆ ಹತ್ತಿ ಹೊಲದಲ್ಲೂ ಅಷ್ಟೇ, ಇಲ್ಲೂ ಅಷ್ಟೇ ಅಮ್ಮ," ಎಂದು ಮಾವ ಒಮ್ಮೆ ಭಾವುಕನಾದ.

"ಅವ್ರನ್ನ ಹೊಡೆದು ದುಡಿಸ್ತಿದ್ರು ಕಣೋ," ಎಂದಳು ಅಜ್ಜಿ. "ನನಗೇನು? ನಿಮ್ಮಪ್ಪ ಕಾಫಿ ಕಾಫಿ ಅಂತಿದ್ರು, ಅಷ್ಟೇ. ಎರಡನ್ನೂ ಒಂದೇ ಅನ್ಬೇಡ."

ಆ ರೆಕಾರ್ಡಿಂಗಿಗೆ ಇನ್ನೊಂದು ಪ್ರತಿ ಇರಲಿಲ್ಲ. "ಗರ್ಭಗುಡೀಲಿ ಮೂಲ ವಿಗ್ರಹ ಒಂದೇ ಇರ್ಬೇಕು ಕಣೋ," ಎನ್ನುತ್ತ ಮಾವ ಪೆಟ್ಟಿಗೆಗೆ ತುಂಬಿದ ದಿನವೇ ಫೋನಿನಲ್ಲಿದ್ದದ್ದನ್ನು ಅಳಿಸಿದ್ದ. ಭೌತಶಾಸ್ತ್ರದ ಮೇಷ್ಟ್ರು ಆಡುವ ಮಾತೇ ಇದು?

ಅಜ್ಜಿಯ ಹಾಡಿನ ಸುತ್ತ ಕಟ್ಟಿದ ರಚನೆಯನ್ನು ಜಯನಗರದ ಒಂದು ಪುಟ್ಟ ಸಭಾಂಗಣದಲ್ಲಿ, ಮುಂದಿನ ಸಾಲಿನಲ್ಲಿ ಅಜ್ಜಿಯನ್ನೇ ಕೂರಿಸಿ ನುಡಿಸಬೇಕೆಂದು ಒಂದು ವರ್ಷದಿಂದ ಒದ್ದಾಡುತ್ತಿದ್ದ. ಕಾರ್ಯಕ್ರಮಕ್ಕೆ ಮೂರು ದಿನ ಇದ್ದಾಗ ಪೆಟ್ಟಿಗೆ ಒರೆಸುವ ಕೆಲಸ ನನಗೆ ಬಿತ್ತು. ನನ್ನಂಥ, ಊರನ್ನೆಲ್ಲ ಅಣಕಿಸುವವನ ಮುಂದೆ ಮೈಕ್ ಇಟ್ಟು ಹೋಗಬಾರದು. ರೆಕಾರ್ಡ್ ಒತ್ತಿ, ಮಾವನ ಹಾಗೆ ಮೂಗಿನಲ್ಲಿ "ಸಣ್ಣ ಪ್ರಯೋಗ, ಅಷ್ಟೇ" ಅಂದೆ. ಆಮೇಲೆ ಒತ್ತಿ ಕೇಳಿದೆ. ಮೂರನೇ ಬಟನ್ನಿನಲ್ಲಿ ನಾನು ಕುಳಿತಿದ್ದೆ. ಅಜ್ಜಿ ಇರಲಿಲ್ಲ.

ನಿಜ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಬಾತ್‌ರೂಮಿನಲ್ಲಿ ಕೂತು, ನಲವತ್ತು ಸಲ ಕೆಮ್ಮಿ, ಅಜ್ಜಿಯಾದೆ. ಅಕ್ಕಿ ಮೊರದ ಸದ್ದಿಗೆ ಸೋಪಿನ ಡಬ್ಬಿ ಅಲ್ಲಾಡಿಸುತ್ತ ಹಾಡಿ, ಅದನ್ನೇ ಮೂರನೇ ಬಟನ್ನಿಗೆ ತುಂಬಿದೆ.

ಭಾನುವಾರ ಬೆಳಿಗ್ಗೆ ಸಭಾಂಗಣ ಅರ್ಧ ತುಂಬಿತ್ತು. ಸ್ಯಾಕ್ಸಫೋನ್ ತಗ್ಗಿನಲ್ಲಿ ನರಳಿತು, ಡಾಕ್ಟರ ಜೆಂಬೆ ಅಪರೂಪಕ್ಕೆ ಮೆಲ್ಲಗೆ ನಡೆಯಿತು, ಮಾವ ಕಣ್ಣು ಮುಚ್ಚಿ ಮೂರನೇ ಬಟನ್ ಒತ್ತಿದ. ನಾನು ಹಾಡಿದೆ. ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿಯ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆ ಎಂದುಕೊಂಡೆ.

ಜನ ಹೋದಮೇಲೆ ಮಾವ ಅವಳ ಕಾಲ ಬಳಿ ಕೂತ. "ಹೇಗಿತ್ತಮ್ಮ ನಿನ್ನ ಧ್ವನಿ?"

"ಚೆನ್ನಾಗಿತ್ತು," ಎಂದಳು ಅಜ್ಜಿ. "ಆದ್ರೆ ಆ ಹಾಡಿದೋಳಿಗೆ ಮೀಸೆ ಇದೆ ಕಣೋ."

ಆಗ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಮಾವ ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡು ಆ ಬಟನ್ನಿನ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಆ ಮುಖವನ್ನು ನಾನು ಯಾವತ್ತೂ ಅಣಕಿಸಲಾರೆ.

ಆಪರೇಷನ್ ಆದಮೇಲೆ ನಮ್ಮಲ್ಲಿ ಒಬ್ಬರೂ ಅಜ್ಜಿಯನ್ನು ಹಾಡು ಎಂದಿರಲಿಲ್ಲ. ನೋವಾಗುತ್ತದೆ ಎಂದು. ಯಾರಿಗೆ ನೋವಾಗುತ್ತದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

"ಅದೊಂದೇ ಇದ್ದಿದ್ದು ಅಮ್ಮ," ಎಂದ ಮಾವ.

ಅಜ್ಜಿ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಆ ಒಡಕು ಧ್ವನಿಯಲ್ಲೇ ಹೇಳಿದಳು:

"ಅದೊಂದೇ ಅಂತ ಯಾರು ಹೇಳಿದ್ದು? ನಾನಿನ್ನೂ ಇಲ್ಲೇ ಕೂತಿದೀನಲ್ಲೋ. ಹಿಡಿ ಮೈಕು, ಈಗೇನು ಬರತ್ತೋ ಅದನ್ನ ಹಾಡ್ತೀನಿ."